ಬೆಂಚಿನ ಮೇಲೆ ನಾಲ್ಕು ಅಪರಿಚಿತರು

ನಾಟಕ ಶುರುವಾಗಲು ಇನ್ನು ಇಪ್ಪತ್ತೈದು ನಿಮಿಷ ಇರುವಾಗ ಸ್ಟೇಜ್ ಮ್ಯಾನೇಜರ್ ಆದವರು ಸಾಮಾನ್ಯವಾಗಿ ರಂಗದ ಹಿಂದೆ ಇರಬೇಕು. ಮೈಕು, ದೀಪ, ಪ್ರಾಪ್ಸು ಎಲ್ಲ ತಮ್ಮ ಜಾಗದಲ್ಲಿವೆಯೇ ನೋಡಬೇಕು. ಆದರೆ ಈ ಒಂದು ನಾಟಕ ಮಾಡುವಾಗ ಆ ಕೆಲಸವನ್ನು ನನ್ನ ಸಹಾಯಕರಿಗೆ ಬಿಟ್ಟು ನಾನು ಲಾಬಿಗೆ ಬರುತ್ತೇನೆ. ಟಿಕೆಟ್ ಕೊಂಡು ಬಂದವರಲ್ಲೇ ನಾಲ್ಕು ಜನ ಇನ್ನು ಸ್ವಲ್ಪ ಹೊತ್ತಿಗೆ ರಂಗದ ಮೇಲೆ ಕೂರಲಿದ್ದಾರೆ. ಅವರ ಹೆಸರು ನನಗೆ ಸರಿಯಾಗಿ ಗೊತ್ತಿರಬೇಕು.

ನಾಟಕದ ಹೆಸರು ‘ದಿ ಟ್ವೆಂಟಿಫಿಫ್ತ್ ಆನ್ಯುಯಲ್ ಪಟ್ನಮ್ ಕೌಂಟಿ ಸ್ಪೆಲಿಂಗ್ ಬೀ’. ನಾವು ಸುಮ್ನೆ ‘ಬೀ’ ಅನ್ನುತ್ತೇವೆ. ಮಕ್ಕಳು ಮೈಕಿನ ಮುಂದೆ ನಿಂತು, ಕಷ್ಟದ ಇಂಗ್ಲಿಷ್ ಪದಗಳ ಅಕ್ಷರಗಳನ್ನು ಒಂದೊಂದಾಗಿ ಹೇಳುವ ಸ್ಪರ್ಧೆಯ, ಅಂದರೆ ಸ್ಪೆಲಿಂಗ್ ಬೀಯ ಕಥೆ ಇದು. ತಪ್ಪಾದರೆ ಮೇಜಿನ ಮೇಲಿನ ಗಂಟೆ ಟಿಣ್ ಅನ್ನುತ್ತದೆ, ಮಗು ಹೊರಗೆ. ಕನ್ನಡದವರಿಗೆ ಇದೆಂಥ ಸ್ಪರ್ಧೆ ಅನ್ನಿಸಬಹುದು. ನಮ್ಮಲ್ಲಿ ಒತ್ತಕ್ಷರ, ಮಹಾಪ್ರಾಣದಲ್ಲಿ ಎಡವಬಹುದು, ಆದರೂ ಕಿವಿಗೆ ಬಿದ್ದದ್ದನ್ನು ಹೆಚ್ಚುಕಮ್ಮಿ ಹಾಗೇ ಬರೆಯಬಹುದು. ಇಂಗ್ಲಿಷಿನಲ್ಲಿ ಕಿವಿ ನಂಬಿದವರು ಕೆಟ್ಟರು. ಅದಕ್ಕೇ ಅಮೆರಿಕದಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ 1925ರಿಂದ ನಡೆದು ಬಂದಿದೆ.

ಇದು ಮ್ಯೂಸಿಕಲ್, ಅಂದರೆ ಹಾಡು, ಮಾತು ಬೆರೆತ ನಾಟಕ. ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬ್ರಾಡ್‌ವೇನಲ್ಲಿ ಇದು ಗೆದ್ದದ್ದು ರಂಗದವರಿಗೆಲ್ಲ ಗೊತ್ತು. 2005ರ ಮೇನಲ್ಲಿ ಸರ್ಕಲ್ ಇನ್ ದಿ ಸ್ಕ್ವೇರ್ ರಂಗಮಂದಿರದಲ್ಲಿ ಶುರುವಾಗಿ 2008ರ ಜನವರಿಯವರೆಗೆ 1,136 ಪ್ರದರ್ಶನ ಕಂಡಿತು. ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಎರಡು ಬಂತು, ಒಂದು ಕಥೆ ಬರೆದ ರೇಚೆಲ್ ಶೈನ್‌ಕಿನ್‌ಗೆ, ಇನ್ನೊಂದು ನಟ ಡ್ಯಾನ್ ಫೋಗ್ಲರ್‌ಗೆ. ಹಾಡುಗಳು ವಿಲಿಯಂ ಫಿನ್ ಅವರವು. ಆದರೆ ಇದು ಹುಟ್ಟಿದ್ದು ಬ್ರಾಡ್‌ವೇನಲ್ಲಿ ಅಲ್ಲ. ರೆಬೆಕಾ ಫೆಲ್ಡ್‌ಮನ್ ಅವರ ಸಣ್ಣ ತಂಡವೊಂದು ಅಲ್ಲಲ್ಲೇ ಮಾತು ಕಟ್ಟಿ ಆಡುತ್ತಿದ್ದ ನಾಟಕ ಇದರ ಮೂಲ. ಅದು ಮ್ಯೂಸಿಕಲ್ ಆಗಿ ರೂಪುಗೊಂಡದ್ದು 2004ರಲ್ಲಿ, ಮ್ಯಾಸಚೂಸೆಟ್ಸ್‌ನ ಶೆಫೀಲ್ಡ್ ಎಂಬ ಊರಿನ ಬ್ಯಾರಿಂಗ್ಟನ್ ಸ್ಟೇಜ್ ಕಂಪನಿಯಲ್ಲಿ. ಅದು ನ್ಯೂಯಾರ್ಕಿನಾಚೆಯ ಊರಿನ ಕಂಪನಿ, ನಾನು ಕೆಲಸ ಮಾಡುವಂಥದ್ದೇ. ಹಾಗಾಗಿ ನಮ್ಮಂಥ ಕಡೆ ಈ ನಾಟಕ ಆಡಿದಾಗ, ಮಗಳು ತವರಿಗೆ ಬಂದ ಹಾಗೆ ಅನ್ನಿಸುತ್ತದೆ ನನಗೆ.

ಇಂಥ ಕಂಪನಿಗಳು ಇದನ್ನು ಮತ್ತೆ ಮತ್ತೆ ಆರಿಸಲು ಲೆಕ್ಕದ ಕಾರಣವೂ ಇದೆ. ಒಂಬತ್ತೇ ನಟರು. ಒಂದೇ ಸೆಟ್, ಶಾಲೆಯ ಜಿಮ್. ವಾದ್ಯದವರು ಐದಾರು ಜನ ಸಾಕು. ಹಕ್ಕಿನ ಹಣ ಕಟ್ಟಬೇಕು, ಒಪ್ಪಿಗೆ ಇಲ್ಲದೆ ಹಾಡು, ಮಾತು ಬದಲಿಸುವಂತಿಲ್ಲ. ಅದು ಯಾವ ಮ್ಯೂಸಿಕಲ್‌ಗಾದರೂ ಇದ್ದದ್ದೇ.

ಇಲ್ಲಿ ನಿಜವಾದ ಕಷ್ಟ ಆ ನಾಲ್ಕು ಜನ. ನಾಟಕದಲ್ಲಿ ಬರೆದ ಸ್ಪರ್ಧಿ ಪಾತ್ರಗಳು ಆರು, ಅವರ ಜೊತೆ ಬೆಂಚಿನ ಮೇಲೆ ಕೂರುವ ಪ್ರೇಕ್ಷಕರು ನಾಲ್ಕು. ಈ ನಾಲ್ವರನ್ನು ಅತಿಥಿಗಳು ಅನ್ನುತ್ತೇವೆ. ಇವರಿಗೆ ರಿಹರ್ಸಲ್ ಇಲ್ಲ. ನಾವು ಹೇಳಿಕೊಡುವುದು ಇಷ್ಟೇ: ಪದದ ಅರ್ಥ ಕೇಳಿ, ವಾಕ್ಯದಲ್ಲಿ ಬಳಸಿ ಹೇಳಿ ಅಂತ ಕೇಳಿ, ತಿಳಿದ ಹಾಗೆ ಅಕ್ಷರ ಹೇಳಿ, ಗಂಟೆ ಹೊಡೆದರೆ ಇಳಿದು ಬನ್ನಿ, ನಗಿಸಲು ಹೋಗಬೇಡಿ. ಕೊನೆಯದು ಎಲ್ಲಕ್ಕಿಂತ ಮುಖ್ಯ. ಸಹಜವಾಗಿ ಕೂತವರೇ ಚೆನ್ನಾಗಿ ನಗಿಸುತ್ತಾರೆ.

ನಾಟಕದಲ್ಲಿ ವಿಲಿಯಂ ಬಾರ್ಫೇ ಎಂಬ ಹುಡುಗನಿದ್ದಾನೆ. ಕಾಲಿನಿಂದ ನೆಲದ ಮೇಲೆ ಬರೆದು ನೋಡಿಯೇ ಅಕ್ಷರ ಹೇಳುತ್ತಾನೆ. ಪದ ಓದಿ ಹೇಳುವ ವೈಸ್ ಪ್ರಿನ್ಸಿಪಾಲ್ ಪ್ಯಾಂಚ್ ಅವನ ಹೆಸರನ್ನು ಪ್ರತಿ ಸಲ ‘ಬಾರ್ಫಿ’ ಅನ್ನುತ್ತಾನೆ. ಕನ್ನಡದ ಕಿವಿಗೆ ಅದು ಸಿಹಿತಿಂಡಿ. ಇಂಗ್ಲಿಷಿನಲ್ಲಿ ಅದರೊಳಗೆ ವಾಂತಿ ಎಂಬ ಅರ್ಥದ ಪದ ಕೂತಿದೆ. ಹುಡುಗ ಪ್ರತಿ ಸಲ ತಿದ್ದುತ್ತಾನೆ, ಜನ ಪ್ರತಿ ಸಲ ನಗುತ್ತಾರೆ.

ಹಿಂದೆ ಒಂದು ಕಡೆ ಈ ನಾಟಕ ಮಾಡುವಾಗ, ನಮ್ಮ ಪ್ಯಾಂಚ್ ಪಾತ್ರಧಾರಿ ಇದೇ ತಮಾಷೆಯನ್ನು ಅತಿಥಿಯೊಬ್ಬರ ಮೇಲೂ ಮಾಡಿಬಿಟ್ಟರು. ಆಕೆ ನಮ್ಮ ಕಡೆಯವರು, ಐವತ್ತರ ಆಸುಪಾಸು. ಹೆಸರಿನಲ್ಲಿ ‘ಳ’ ಇತ್ತು. ಪ್ಯಾಂಚ್ ಅದನ್ನು ಮೂರು ರೀತಿ ಹೇಳಿದರು, ಮೂರೂ ತಪ್ಪು, ಬೇಕಂತಲೇ. ಮಂದಿರ ಪೂರ್ತಿ ನಕ್ಕಿತು. ಆಕೆಯೂ ನಕ್ಕರು. ಆದರೆ ನಾನು ಬೂತಿನಿಂದ ನೋಡುತ್ತಿದ್ದೆ. ಅವರ ಕೈ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ಸುತ್ತುತ್ತಿತ್ತು. ಆ ಬೆರಳುಗಳು ಇವತ್ತಿಗೂ ನನ್ನ ಕಣ್ಣ ಮುಂದಿವೆ.

ಆ ರಾತ್ರಿ ನಾನು ನಿರ್ದೇಶಕರ ಹತ್ತಿರ ಜಗಳವನ್ನೇ ಆಡಿದೆ. ಬಾರ್ಫೇ ಮೇಲೆ ನಗುವುದು ಯಾಕೆ ತಪ್ಪಲ್ಲ ಅಂದರೆ, ಅವನಿಗೆ ತಿರುಗಿ ಹೇಳಲು ಮಾತು ಬರೆದುಕೊಟ್ಟಿದ್ದಾರೆ. ಹಾಡು ಕೊಟ್ಟಿದ್ದಾರೆ. ಕೊನೆಗೆ ಗೆಲುವನ್ನೂ ಕೊಟ್ಟಿದ್ದಾರೆ. ಅತಿಥಿಯ ಕೈಯಲ್ಲಿ ಏನಿದೆ? ಒಂದು ಸಾಲೂ ಇಲ್ಲ. ತಿದ್ದಲು ಹೋದರೆ ನಾಟಕ ಹಾಳಾದೀತು ಅಂತ ಅವರೇ ಹೆದರಿರುತ್ತಾರೆ. ಬಾಯಿ ಕಟ್ಟಿದವರನ್ನು ಕೂರಿಸಿಕೊಂಡು ನಗುವುದಲ್ವಾ ಅದು?

ಅಲ್ಲಿಂದ ಈಚೆಗೆ ನನ್ನ ನಿಯಮ ಒಂದೇ. ಅತಿಥಿಯ ಬಟ್ಟೆ, ಕೆಲಸ, ಹವ್ಯಾಸದ ಬಗ್ಗೆ ಮೆಲ್ಲಗೆ ತಮಾಷೆ ಮಾಡಬಹುದು. ಹೆಸರು ಮಾತ್ರ ಸರಿಯಾಗಿ ಬರಬೇಕು.

ಅದಕ್ಕೇ ನಾನು ಲಾಬಿಯಲ್ಲಿ ಇರುವುದು. ಹೆಸರು ಹೇಳಿಸಿಕೊಳ್ಳುತ್ತೇನೆ, ಇನ್ನೊಮ್ಮೆ ಹೇಳಿಸಿಕೊಳ್ಳುತ್ತೇನೆ, ಕಾರ್ಡಿನ ಮೇಲೆ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಹೌದು, ಕನ್ನಡದಲ್ಲೇ. ಇಂಗ್ಲಿಷಿನಲ್ಲಿ ಬರೆದರೆ ಹತ್ತು ನಿಮಿಷದ ನಂತರ ನನಗೇ ಗೊಂದಲ. ದೀರ್ಘವೋ ಹ್ರಸ್ವವೋ, ‘ತ’ವೋ ‘ಟ’ವೋ ತಿಳಿಯುವುದಿಲ್ಲ. ಕನ್ನಡದಲ್ಲಿ ಬರೆದರೆ ಕೇಳಿದ ದನಿ ಕಾರ್ಡಿನಲ್ಲಿ ಹಾಗೇ ಕೂತಿರುತ್ತದೆ. ಪೋಲೆಂಡಿನ ಹೆಸರುಗಳಿಗೆ ‘ಜ಼’ ಬೇಕಾಗುತ್ತದೆ, ಚುಕ್ಕೆ ಹಾಕುತ್ತೇನೆ. ವಿಯೆಟ್ನಾಮಿನ ಹೆಸರುಗಳ ಏರಿಳಿತಕ್ಕೆ ನಮ್ಮಲ್ಲಿ ಅಕ್ಷರ ಇಲ್ಲ, ಬಾಣ ಎಳೆದುಕೊಳ್ಳುತ್ತೇನೆ. ಆಮೇಲೆ ಹಿಂದೆ ಓಡಿಹೋಗಿ, ಪ್ಯಾಂಚ್ ಮತ್ತು ನಿರೂಪಕಿ ರೋನಾ ಪಾತ್ರದವರಿಗೆ ಕಾರ್ಡ್ ನೋಡಿ ಓದಿ ಹೇಳುತ್ತೇನೆ. ನನ್ನ ಬಾಯಿಂದ ಕೇಳಿ, ಅವರವರ ಗುರುತು ಹಾಕಿಕೊಳ್ಳುತ್ತಾರೆ.

ಲಾಬಿಯಲ್ಲಿ ಇನ್ನೊಂದು ಪ್ರಶ್ನೆಯನ್ನೂ ತಪ್ಪದೆ ಕೇಳುತ್ತೇವೆ. ನೀವು ನಿಜವಾದ ಸ್ಪೆಲಿಂಗ್ ಬೀಯಲ್ಲಿ ಭಾಗವಹಿಸಿದ್ದೀರಾ? ಈ ನಾಟಕಕ್ಕೆ ಭಾರತೀಯ ಕುಟುಂಬಗಳು ಜಾಸ್ತಿ ಬರುತ್ತವೆ. ಬರದೆ ಏನು? ಕ್ಯಾನ್ಸಸ್‌ನ ಕಾವ್ಯಾ ಶಿವಶಂಕರ್ 2009ರಲ್ಲಿ ರಾಷ್ಟ್ರೀಯ ಬೀ ಗೆದ್ದಳು, ತಂಗಿ ವನ್ಯಾ 2015ರಲ್ಲಿ ಜಂಟಿಯಾಗಿ ಗೆದ್ದಳು. 2019ರಲ್ಲಂತೂ ಎಂಟು ಮಕ್ಕಳು ಒಟ್ಟಿಗೇ ಗೆದ್ದರು, ಅವರಲ್ಲಿ ಏಳು ಜನ ಭಾರತೀಯ ಮೂಲದವರು. ಅಂಥ ಮಗುವನ್ನು ಬೆಂಚಿಗೆ ಹತ್ತಿಸಿದರೆ ಇಳಿಸುವುದು ಹೇಗೆ? ಯಾಕೆಂದರೆ ಕಥೆ ಮುಂದೆ ಹೋಗಬೇಕಾದರೆ ನಾಲ್ವರೂ ಗೊತ್ತಾದ ಜಾಗಗಳಲ್ಲಿ ಔಟ್ ಆಗಲೇಬೇಕು. ಜನರಿಗೆ ಎಲ್ಲ ಆ ಗಳಿಗೆಯಲ್ಲೇ ನಡೆದಂತೆ ಕಾಣುತ್ತದೆ. ಯಾವಾಗ ಏನಾಗಬೇಕು ಅಂತ ಬರೆದಿಟ್ಟ ನನ್ನ ಪ್ರಾಂಪ್ಟ್ ಬುಕ್ಕಿನಲ್ಲಿ ಅಂಥ ಒಂದೊಂದು ಜಾಗಕ್ಕೂ ಮೂರು ದಾರಿ ಬರೆದು, ಮೂರು ಬಣ್ಣದ ಚೀಟಿ ಅಂಟಿಸಿರುತ್ತೇನೆ. ಅತಿಥಿ ಬೇಗ ತಪ್ಪಿದರೆ ಹಳದಿ. ಸರಿಯಾದ ಜಾಗದಲ್ಲಿ ತಪ್ಪಿದರೆ ಹಸಿರು. ತಪ್ಪದೇ ಇದ್ದರೆ ಕೆಂಪು.

ಕೆಂಪು ಬಂದಾಗ ಪ್ಯಾಂಚ್ ಇನ್ನೂ ಕಷ್ಟದ ಪದ ಹುಡುಕುತ್ತಾನೆ. ಅಷ್ಟು ಹೊತ್ತು ಪಿಯಾನೋದವರು ಬೇಕಾದ ಕಡೆ ಒಂದೆರಡು ಸಾಲನ್ನೇ ತಿರುಗಿಸಿ ನುಡಿಸುತ್ತಾರೆ. ವ್ಯಾಂಪ್ ಅನ್ನುತ್ತೇವೆ. ಕಂಪನಿ ನಾಟಕ ನೋಡಿದವರಿಗೆ ಇದು ಹೊಸದಲ್ಲ. ಜನ ‘ಒನ್ಸ್ ಮೋರ್’ ಅಂದಾಗ ಹಾರ್ಮೋನಿಯಂ ಮಾಸ್ತರರು ನಟನ ಮುಖ ನೋಡಿಕೊಂಡು ಸ್ವರ ಹಿಡಿದು ಕೂರುತ್ತಿದ್ದರಲ್ಲ, ಅದೇ ಕೆಲಸ.

ಈ ನಾಟಕದಲ್ಲಿ ನನ್ನ ಎದೆಗೆ ತೀರ ಹತ್ತಿರವಾದದ್ದು ಆಲಿವ್ ಎಂಬ ಹುಡುಗಿ. ಅಪ್ಪ ಇನ್ನೂ ಬಂದಿಲ್ಲ. ಪ್ರವೇಶ ಶುಲ್ಕ 25 ಡಾಲರ್ ಕಟ್ಟಿಲ್ಲ. ಅಮ್ಮ ಭಾರತದ ಆಶ್ರಮವೊಂದಕ್ಕೆ ಹೋಗಿದ್ದಾಳೆ. ಮೈಕಿನ ಮುಂದೆ ನಿಂತೇ ಅವಳು ಅಪ್ಪ ಅಮ್ಮನನ್ನು ಕಲ್ಪಿಸಿಕೊಂಡು ಅವರ ಜೊತೆ ಹಾಡುತ್ತಾಳೆ. ರೋನಾ ಪಾತ್ರದವರೇ ಅಮ್ಮ ಆಗುವುದು ವಾಡಿಕೆ. ನಮ್ಮ ವಸ್ತ್ರವಿನ್ಯಾಸದವರು ಅಮ್ಮನಿಗೆ ಹಣೆ ತುಂಬ ಕುಂಕುಮ, ಮಣಿಸರ, ಕೇಸರಿ ಸೀರೆ ಎಲ್ಲ ತಂದಿದ್ದರು. ಬೇಡ, ಒಂದು ಶಾಲು ಸಾಕು ಅಂದೆ. ವೇಷ ನೋಡಿ ಜನ ನಕ್ಕರೆ ಹುಡುಗಿಯ ದುಃಖ ಕೇಳುವುದಿಲ್ಲ. ಅವರು ಶಾಲನ್ನು ಒಮ್ಮೆ ಹೊದಿಸಿ ನೋಡಿದರು, ಮಣಿಸರ ತಾವೇ ಪೆಟ್ಟಿಗೆಗೆ ಹಾಕಿದರು.

ಕಳೆದ ಸಲದ ಪ್ರದರ್ಶನವೊಂದರಲ್ಲಿ ನೈಜೀರಿಯಾ ಮೂಲದ ನಿವೃತ್ತ ನರ್ಸ್ ಒಬ್ಬರು ಅತಿಥಿಯಾಗಿದ್ದರು. ಐದು ಅಕ್ಷರದ ಹೆಸರು, ನಡುವೆ ಒಂದು ಬಾಣ. ಕಷ್ಟದ ಮೂರು ಪದ ಕೊಟ್ಟೆವು, ಮೂರೂ ಸರಿ. ಮಂದಿರ ಚಪ್ಪಾಳೆಯಲ್ಲಿ ಮುಳುಗಿತು. ಹೆಡ್‌ಸೆಟ್ಟಿನಲ್ಲಿ ನನ್ನ ಸಹಾಯಕಿ, ‘ಈಗೇನು?’ ಅಂದಳು. ‘ಕೆಂಪು ಚೀಟಿ, ಕಾಯೋಣ’ ಅಂದೆ. ನಾಲ್ಕನೇ ಪದಕ್ಕೆ ಗಂಟೆ ಹೊಡೆಯಿತು.

ಕೊನೆಗೆ ಉಳಿದ ಅತಿಥಿಯನ್ನು ಬೀಳ್ಕೊಡಲು ಒಂದು ಹಾಡೇ ಇದೆ. ಸೋತವರನ್ನು ಸಮಾಧಾನ ಮಾಡುವ ಮಿಚ್ ಎಂಬ ಪಾತ್ರದವರು ಹಾಡಿ, ಅಪ್ಪಿಕೊಂಡು, ಕೈಗೆ ಜ್ಯೂಸಿನ ಡಬ್ಬಿ ಕೊಡುತ್ತಾರೆ. ರೋನಾ ಆಕೆಯ ಹೆಸರನ್ನು ಪೂರ್ತಿಯಾಗಿ, ನಡುವಿನ ಏರಿಳಿತದ ಸಮೇತ ಹೇಳಿದರು. ಆಕೆ ಮೆಟ್ಟಿಲ ಹತ್ತಿರ ನಿಂತು ತಿರುಗಿ ನೋಡಿದರು. ಆಮೇಲೆ ಮೆಲ್ಲಗೆ ಇಳಿದು ನಾಲ್ಕನೇ ಸಾಲಿಗೆ ಹೋದರು. ಮೊಮ್ಮಗ ಆಗಲೇ ಡಬ್ಬಿಗೆ ಕೈ ಚಾಚಿದ್ದ. ಅವರು ಕೂತು, ಸ್ಟ್ರಾ ಚುಚ್ಚಿ ಅವನ ಕೈಗೆ ಕೊಡುವವರೆಗೂ ನಾನು ದೀಪ ಬದಲಿಸುವ ಸೂಚನೆಯನ್ನು, ಅಂದರೆ ಕ್ಯೂವನ್ನು, ಹಿಡಿದಿಟ್ಟುಕೊಂಡಿದ್ದೆ. ಪಿಯಾನೋದವರು ಅದೇ ಎರಡು ಸಾಲು ನುಡಿಸುತ್ತಿದ್ದರು. ಆಮೇಲೆ ‘ಗೋ’ ಅಂದೆ.