ಸೌಂಡ್ ಡ್ರೈವರ್: ಯಾವುದು ಹೌದು, ಯಾವುದು ಅಲ್ಲ

"ಈ ಆಡಿಯೋ ಸಾಫ್ಟ್‌ವೇರ್ ಲಿನಕ್ಸ್‌ಗೆ ಬರಬೇಕಂದ್ರೆ ಯಾರಾದ್ರೂ ಅದಕ್ಕೆ ಡ್ರೈವರ್ ಬರೀಬೇಕು." ಈ ಮಾತು ಮತ್ತೆ ಕಣ್ಣಿಗೆ ಬಿತ್ತು. ಇಲ್ಲ, ಬರೆಯಬೇಕಾಗಿಲ್ಲ. ಡ್ರೈವರ್ ಆಗಲೇ ಇದೆ. ಅದೇ ಯಂತ್ರದಲ್ಲಿ ಬೇರೆ ಪ್ರೋಗ್ರಾಮ್‌ಗಳು ಸದ್ದು ಮಾಡ್ತಿವೆ ಅಲ್ವಾ?

ಡ್ರೈವರ್ ಅಂದರೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಜೊತೆ ಸೇರಿ, ಸೌಂಡ್ ಚಿಪ್ ಜೊತೆ ನೇರವಾಗಿ ವ್ಯವಹರಿಸುವ ಕೋಡ್. ಚಿಪ್‌ನ ರಿಜಿಸ್ಟರ್‌ಗಳಲ್ಲಿ (ಅದರೊಳಗಿನ ಪುಟ್ಟ ಖಾನೆಗಳಲ್ಲಿ) ಏನು ಬರೆಯಬೇಕು, ಮೆಮೊರಿಯ ಯಾವ ಜಾಗದಿಂದ ಸ್ಯಾಂಪಲ್ (ಸದ್ದಿನ ಅಳತೆಯ ಅಂಕಿ) ಎತ್ತಿಕೊಳ್ಳಬೇಕು, ಚಿಪ್‌ನಿಂದ ಇಂಟರಪ್ಟ್ ಎಂಬ ಸೂಚನೆ ಬಂದಾಗ ಏನು ಮಾಡಬೇಕು ಎಂಬುದೆಲ್ಲ ಅದಕ್ಕೆ ಗೊತ್ತು. ಮಾಮೂಲಿ ಪ್ರೋಗ್ರಾಮ್‌ಗೆ ಇದ್ಯಾವುದನ್ನೂ ಮುಟ್ಟಲು ಕರ್ನಲ್ ಬಿಡುವುದಿಲ್ಲ. ಯುಎಸ್‌ಬಿ ಸೌಂಡ್ ಕಾರ್ಡ್‌ಗಳಲ್ಲಿ ಹೆಚ್ಚಿನವಕ್ಕೆ ಲಿನಕ್ಸ್‌ನಲ್ಲಿ ಒಂದೇ ಡ್ರೈವರ್ ಸಾಕಾಗುತ್ತದೆ. ಎಲ್ಲವೂ ಒಂದೇ ಯುಎಸ್‌ಬಿ ಆಡಿಯೋ ನಿಯಮದ ಪ್ರಕಾರ ಮಾತಾಡುತ್ತವೆ, ಅಷ್ಟೇ. ನಿಮ್ಮ ಸಾಫ್ಟ್‌ವೇರ್‌ಗೂ ಆ ಡ್ರೈವರ್‌ಗೂ ನೇರ ಪರಿಚಯವೇ ಇರುವುದಿಲ್ಲ.

ಹಾಗಾದರೆ ಪೋರ್ಟ್ ಮಾಡುವಾಗ, ಅಂದರೆ ಒಂದು ಸಿಸ್ಟಮ್‌ನ ಸಾಫ್ಟ್‌ವೇರನ್ನು ಇನ್ನೊಂದಕ್ಕೆ ಒಯ್ಯುವಾಗ, ಬರೆಯುವುದು ಏನನ್ನು? ಬ್ಯಾಕೆಂಡ್ ಅನ್ನು. ವಿಂಡೋಸ್‌ನ ವಾಸಾಪಿ, ಮ್ಯಾಕ್‌ನ ಕೋರ್ ಆಡಿಯೋ, ಲಿನಕ್ಸ್‌ನ ಆಲ್ಸಾ, ಆಂಡ್ರಾಯ್ಡ್‌ನ ಎಆಡಿಯೋ, ಇವೆಲ್ಲ ಆಯಾ ಆಪರೇಟಿಂಗ್ ಸಿಸ್ಟಮ್ ಪ್ರೋಗ್ರಾಮ್‌ಗಳಿಗೆ ತೆರೆದಿಟ್ಟ ಎಪಿಐಗಳು, ಅಂದರೆ ಪ್ರೋಗ್ರಾಮ್‌ಗಳು ಸಿಸ್ಟಮ್‌ನಿಂದ ಕೆಲಸ ಕೇಳುವ ಬಾಗಿಲುಗಳು. ಅವುಗಳ ಜೊತೆ ಮಾತಾಡಲು ನಿಮ್ಮ ಸಾಫ್ಟ್‌ವೇರ್ ಒಳಗೆ ಇರುವ ತುಂಡೇ ಬ್ಯಾಕೆಂಡ್.

ಆಲ್ಸಾ ವಿಷಯದಲ್ಲಿ ಗೊಂದಲ ಆಗುವುದು ಸಹಜ, ಒಪ್ಪುತ್ತೇನೆ. ಕರ್ನಲ್‌ನಲ್ಲಿರುವ ಡ್ರೈವರ್‌ಗಳಿಗೂ ಅದೇ ಹೆಸರು, ಪ್ರೋಗ್ರಾಮ್‌ಗಳು ಬಳಸುವ ಲೈಬ್ರರಿಗೂ ಅದೇ ಹೆಸರು. ಆದರೆ ಪಲ್ಸ್‌ಆಡಿಯೋವನ್ನೋ ಪೈಪ್‌ವೈರನ್ನೋ ಡ್ರೈವರ್ ಅನ್ನುವುದಕ್ಕೆ ನೆಪವೇ ಇಲ್ಲ. ಅವು ಕರ್ನಲ್ ಹೊರಗೆ ಓಡುವ ಸಾಮಾನ್ಯ ಪ್ರೋಸೆಸ್‌ಗಳು. ನಾಲ್ಕು ಪ್ರೋಗ್ರಾಮ್‌ಗಳ ಸದ್ದನ್ನು ಬೆರೆಸಿ ಆಲ್ಸಾ ಕೈಗೆ ಕೊಡುತ್ತವೆ. ಬೇಕಿದ್ದರೆ ಸೌಂಡ್ ಸರ್ವರ್ ಅನ್ನಿ.

ಈ ಗೊಂದಲದ ತವರು ಮಾತ್ರ ಏಸಿಯೋ. ರೆಕಾರ್ಡಿಂಗ್ ಸಾಫ್ಟ್‌ವೇರ್ ಸೌಂಡ್ ಕಾರ್ಡ್ ಜೊತೆ ಮಾತಾಡಲು ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ಎಪಿಐ ಅದು. ವಿಂಡೋಸ್‌ನ ಮಿಕ್ಸರ್ ದಾರಿಯಲ್ಲಿ ಹೋದರೆ ಸದ್ದು ತಡವಾಗುತ್ತಿತ್ತು. ರೆಕಾರ್ಡಿಂಗ್ ಮಾಡುವವರಿಗೆ ಅದು ಆಗದ ಮಾತು. ಹಾಗಾಗಿ ಮಿಕ್ಸರ್ ಬದಿಗಿಟ್ಟು ಕಾರ್ಡ್‌ಗೆ ಹತ್ತಿರದ ದಾರಿ ಬೇಕಿತ್ತು. ಒಳ್ಳೆಯ ಕೆಲಸವೇ. ಆದರೆ ಕಾರ್ಡ್ ತಯಾರಕರು ಕೊಡುವ ತುಂಡಿಗೆ "ಏಸಿಯೋ ಡ್ರೈವರ್" ಅಂತ ಹೆಸರಿಟ್ಟರು. ವಿಂಡೋಸ್‌ನಲ್ಲಿ ಅದು ಬರೀ ಒಂದು ಡಿಎಲ್‌ಎಲ್, ಅಂದರೆ ಲೈಬ್ರರಿ ಫೈಲ್. ನಿಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ಪ್ರೋಸೆಸ್ ಒಳಗೇ ಲೋಡ್ ಆಗುತ್ತದೆ. ಚಿಪ್ ಮುಟ್ಟುವ ನಿಜವಾದ ಡ್ರೈವರ್ ಅದರ ಕೆಳಗೆ, ಕರ್ನಲ್‌ನಲ್ಲಿ, ಬೇರೆಯೇ ಇರುತ್ತದೆ.

ಇದಕ್ಕೆ ಪುರಾವೆ ಬೇಕಾದರೆ ಏಸಿಯೋ ಫಾರ್ ಆಲ್ ನೋಡಿ. ತನ್ನನ್ನು ತಾನು "ಯೂನಿವರ್ಸಲ್ ಏಸಿಯೋ ಡ್ರೈವರ್" ಅಂತ ಕರೆದುಕೊಳ್ಳುತ್ತದೆ. ಒಂದೇ ಒಂದು ಚಿಪ್‌ನ ಒಳಗುಟ್ಟೂ ಅದಕ್ಕೆ ಗೊತ್ತಿಲ್ಲ. ಮೊದಲೇ ಇರುವ ವಿಂಡೋಸ್ ಡ್ರೈವರ್ ಹಿಡಿದುಕೊಂಡು ಏಸಿಯೋ ಭಾಷೆಗೆ ದುಭಾಷಿ ಕೆಲಸ ಮಾಡುತ್ತದೆ. ಆ ಡ್ರೈವರ್ ತೆಗೆದುಹಾಕಿದರೆ ಇದೂ ಮೂಕ. ವೈನ್‌ಏಸಿಯೋ ಇನ್ನೂ ಸ್ಪಷ್ಟ ಉದಾಹರಣೆ. ವೈನ್ (ಲಿನಕ್ಸ್‌ನಲ್ಲಿ ವಿಂಡೋಸ್ ಸಾಫ್ಟ್‌ವೇರ್ ಓಡಿಸುವ ಪ್ರೋಗ್ರಾಮ್) ಒಳಗೆ ಓಡುವ ವಿಂಡೋಸ್ ಸಾಫ್ಟ್‌ವೇರ್‌ಗೆ ಅದು "ಡ್ರೈವರ್" ಆಗಿ ಕಾಣುತ್ತದೆ. ಲಿನಕ್ಸ್ ಕಡೆಯಿಂದ ನೋಡಿದರೆ ಜ್ಯಾಕ್ ಎಂಬ ಸೌಂಡ್ ಸರ್ವರ್‌ಗೆ ಕನೆಕ್ಟ್ ಆದ ಇನ್ನೊಂದು ಪ್ರೋಗ್ರಾಮ್, ಅಷ್ಟೇ. "ಲಿನಕ್ಸ್‌ಗೆ ಏಸಿಯೋ ಡ್ರೈವರ್ ಎಲ್ಲಿ ಸಿಗುತ್ತೆ" ಅಂತ ಕೇಳುವವರು ಸ್ವಲ್ಪ ಇಲ್ಲಿ ನಿಂತು ಯೋಚಿಸಬೇಕು. ನಿಮಗೆ ಬೇಕಾಗಿರುವುದು ಕಡಿಮೆ ಲೇಟೆನ್ಸಿ, ಅಂದರೆ ಸದ್ದು ತಡವಾಗದಿರುವುದು. ಅದನ್ನು ಅಲ್ಲಿ ಜ್ಯಾಕ್, ಪೈಪ್‌ವೈರ್ ಅಥವಾ ನೇರ ಆಲ್ಸಾ ಕೊಡುತ್ತವೆ.

ಬರೀ ಬಳಕೆದಾರರನ್ನು ಬೈದು ಪ್ರಯೋಜನವಿಲ್ಲ. ಡೆವಲಪರ್‌ಗಳೇ ಈ ಪದವನ್ನು ಸಿಕ್ಕಲ್ಲೆಲ್ಲ ಅಂಟಿಸಿದ್ದಾರೆ. ಆಟಗಳಲ್ಲಿ ಬಳಸುವ ಎಸ್‌ಡಿಎಲ್ ಲೈಬ್ರರಿಯಲ್ಲಿ ಬ್ಯಾಕೆಂಡ್ ಆರಿಸುವ ಎನ್ವಿರಾನ್ಮೆಂಟ್ ವೇರಿಯಬಲ್ (ಹೊರಗಿಂದ ಕೊಡುವ ಸೆಟ್ಟಿಂಗ್) ಹೆಸರಲ್ಲೇ "ಆಡಿಯೋಡ್ರೈವರ್" ಇದೆ. ಜ್ಯಾಕ್ ಶುರು ಮಾಡುವಾಗ ಕೊಡುವ "ಡಿ" ಆಯ್ಕೆಯೂ ಡ್ರೈವರ್‌ನ ಡಿ. ಬರೆಯುವವರೇ ಹೀಗೆ ಮಾಡಿದರೆ ಓದುವವರು ಪಾಪ ಏನು ಮಾಡಬೇಕು!

ಬ್ಯಾಕೆಂಡ್ ಬರೆಯುವುದು ಸುಮ್ನೆ ಫಂಕ್ಷನ್ ಹೆಸರು ಬದಲಿಸುವ ಕೆಲಸ ಅಂದುಕೊಂಡರೆ ಅದೂ ತಪ್ಪು. ಹಳೆಯ ಓಎಸ್‌ಎಸ್ (ಲಿನಕ್ಸ್‌ನಲ್ಲಿ ಆಲ್ಸಾಗಿಂತ ಮೊದಲಿದ್ದ ಸೌಂಡ್ ಎಪಿಐ) ಪ್ರೋಗ್ರಾಮ್ ಒಂದನ್ನು ತೆಗೆದುಕೊಳ್ಳಿ. ಡೆವ್ ಡೈರೆಕ್ಟರಿಯ ಡಿಎಸ್‌ಪಿ ಎಂಬ ಫೈಲ್ ತೆರೆಯುತ್ತದೆ. ಫಾರ್ಮ್ಯಾಟ್, ಚಾನೆಲ್, ಸ್ಯಾಂಪಲ್ ರೇಟ್ ಹೇಳಲು ಮೂರು ಐಒಕಂಟ್ರೋಲ್ ಕರೆ. ಆಮೇಲೆ ಲೂಪ್ ಒಳಗೆ ಸದ್ದನ್ನು ಬರೆಯುವ ಕರೆ: ರೈಟ್, ರೈಟ್, ರೈಟ್. ಬಫರ್ (ಸದ್ದು ಸರದಿ ಕಾಯುವ ಮೆಮೊರಿ) ತುಂಬಿದ್ದರೆ ರೈಟ್ ತಾನೇ ಕಾಯುತ್ತದೆ. ಲಗಾಮು ಪ್ರೋಗ್ರಾಮ್ ಕೈಯಲ್ಲಿ. ಇದನ್ನೇ ಕೋರ್ ಆಡಿಯೋಗೆ ಒಯ್ದರೆ ಎಲ್ಲ ತಿರುಗುಮುರುಗು. ಅಲ್ಲಿ ಸಿಸ್ಟಮ್ ನಿಮ್ಮ ಕಾಲ್‌ಬ್ಯಾಕ್ (ತಾನು ಕರೆಯಲೆಂದು ನೀವು ಕೊಟ್ಟಿಟ್ಟ ಫಂಕ್ಷನ್) ಕರೆದು "256 ಫ್ರೇಮ್ ಕೊಡು" ಅನ್ನುತ್ತದೆ. ಫ್ರೇಮ್ ಅಂದರೆ ಪ್ರತಿ ಚಾನೆಲ್‌ಗೂ ಒಂದೊಂದು ಸ್ಯಾಂಪಲ್. ಸೆಕೆಂಡಿಗೆ 48000 ಸ್ಯಾಂಪಲ್ ರೇಟ್‌ನಲ್ಲಿ 256 ಫ್ರೇಮ್ ಅಂದರೆ ಸುಮಾರು 5.3 ಮಿಲಿಸೆಕೆಂಡಿನ ಸದ್ದು. ಅಷ್ಟರೊಳಗೆ ಕೊಡಲಿಲ್ಲವೋ, ಸ್ಪೀಕರ್‌ನಲ್ಲಿ ಚಟ್ ಅನ್ನುತ್ತದೆ. ಕಾಲ್‌ಬ್ಯಾಕ್ ಒಳಗೆ ಮೆಮೊರಿ ಕೇಳುವಂತಿಲ್ಲ, ಲಾಕ್‌ಗೆ ಕಾಯುವಂತಿಲ್ಲ, ಫೈಲ್ ಓದುವಂತಿಲ್ಲ. ಹಳೆಯ ಲೂಪನ್ನು ಬೇರೆ ಥ್ರೆಡ್‌ಗೆ ಹಾಕಿ, ಮಧ್ಯೆ ಒಂದು ರಿಂಗ್ ಬಫರ್ (ಒಬ್ಬರು ತುಂಬುತ್ತ ಇನ್ನೊಬ್ಬರು ಖಾಲಿ ಮಾಡುತ್ತ ಹೋಗುವ ಬಫರ್) ಇಡಬೇಕು. ಪೋರ್ಟಿಂಗ್‌ನಲ್ಲಿ ಜಾಸ್ತಿ ತಲೆನೋವು ಕೊಡುವುದು ಇದೇ. ಡ್ರೈವರ್ ಇದರ ಹತ್ತಿರಕ್ಕೂ ಬರುವುದಿಲ್ಲ.

ಉಳಿದವು ಸಣ್ಣಪುಟ್ಟವು. ಒಂದು ಕಡೆ 16 ಬಿಟ್ ಪೂರ್ಣಾಂಕ, ಇನ್ನೊಂದು ಕಡೆ 32 ಬಿಟ್ ಫ್ಲೋಟ್. ಒಂದು ಕಡೆ ಎಡ ಬಲ ಸ್ಯಾಂಪಲ್‌ಗಳು ಒಂದರ ಪಕ್ಕ ಒಂದು, ಏಸಿಯೋದಲ್ಲಿ ಚಾನೆಲ್‌ಗೊಂದು ಬೇರೆ ಬಫರ್. ಇದೆಲ್ಲ ಬೇಡ ಅಂದರೆ ಬ್ಯಾಕೆಂಡ್‌ಗಳನ್ನು ಒಳಗೇ ಇಟ್ಟುಕೊಂಡ ಪೋರ್ಟ್‌ಆಡಿಯೋ, ಮಿನಿಆಡಿಯೋ ಥರದ ಲೈಬ್ರರಿಗಳಿವೆ. ನಾನಂತೂ ಹೊಸದಾಗಿ ಶುರು ಮಾಡುವವರಿಗೆ ಅದನ್ನೇ ಹೇಳುತ್ತೇನೆ.

ಡ್ರೈವರ್ ತಪ್ಪು ಯಾವಾಗಲೂ ಇರುವುದೇ ಇಲ್ಲ ಅಂತಲ್ಲ. ಆದರೆ ಅಲ್ಲಿಗೆ ಬೆರಳು ತೋರಿಸುವ ಮೊದಲು ನೋಡುವ ಕ್ರಮ ಇದೆ. ಲಿನಕ್ಸ್‌ನಲ್ಲಿ ಎಪ್ಲೇ ಕಮಾಂಡ್‌ಗೆ ಸಣ್ಣ ಅಕ್ಷರದ "ಎಲ್" ಆಯ್ಕೆ ಕೊಡಿ. ಕಾರ್ಡ್ ಪಟ್ಟಿಯಲ್ಲೇ ಇಲ್ಲವಾದರೆ ಡ್ರೈವರ್ ಮೇಲೆ ಅನುಮಾನ ಪಡಬಹುದು. ಕಾರ್ಡ್ ಇದೆ, ಬೇರೆ ಪ್ರೋಗ್ರಾಮ್ ಹಾಡುತ್ತದೆ, ನಿಮ್ಮದು ಮಾತ್ರ "ಡಿವೈಸ್ ಬಿಝಿ" ಅನ್ನುತ್ತದೆ ಅಂದರೆ ಡಿವೈಸನ್ನು ಬೇರೆ ಯಾರೋ ಹಿಡಿದಿದ್ದಾರೆ, ಸಾಮಾನ್ಯವಾಗಿ ಸೌಂಡ್ ಸರ್ವರ್ರೇ. ಅದರ ಮೂಲಕವೇ ಹೋಗಿ. ಮ್ಯಾಕ್‌ನಲ್ಲಿ ಎಲ್ಲ ಸರಿಯಾಗಿ ತೆರೆದುಕೊಂಡರೂ ಮೈಕ್‌ನಿಂದ ಬರೀ ಸೊನ್ನೆಗಳು ಬರುತ್ತಿದ್ದರೆ ಮೊದಲು ಪ್ರೈವಸಿ ಸೆಟ್ಟಿಂಗ್ ನೋಡಿ. ಮೊಹಾವೆ ಆವೃತ್ತಿಯಿಂದ ಈಚೆಗೆ ಮೈಕ್ ಬಳಸಲು ಬಳಕೆದಾರರ ಅನುಮತಿ ಬೇಕು. ಅದು ಇಲ್ಲದಿದ್ದರೆ ಎಂಥ ಡ್ರೈವರ್ ಹಾಕಿದರೂ ಸೊನ್ನೆಯೇ ಬರುವುದು.