ಸೈಲೆನ್ಸರ್ ಬಿಸಿಯಿಂದ ಹೈಡ್ರೋಜನ್: ಈ ಕತೆ ಎಲ್ಲಿಂದ ಶುರುವಾಯಿತು?

'ನೀರು ಹಾಕಿ, ಗಾಡಿ ಓಡಿಸಿ' ಎನ್ನುವ ವಿಡಿಯೋ ವಾಟ್ಸಾಪ್‌ಗೆ ಬಂದಾಗಲೆಲ್ಲ ಎರಡು ಬೇರೆ ಸಂಗತಿಗಳು ಕಲಸಿಹೋಗುತ್ತವೆ. ಒಂದು, ಬ್ಯಾಟರಿ ಕರೆಂಟಿನಿಂದ ನೀರನ್ನು ಒಡೆದು, ಉರಿಯುವ ಹೈಡ್ರೋಜನ್ ಗ್ಯಾಸ್ ತೆಗೆಯುವ ಕಿಟ್. ಆ ಕರೆಂಟ್ ಬರುವುದು ಗಾಡಿಯ ಪುಟ್ಟ ಜನರೇಟರ್ ಆದ ಆಲ್ಟರ್ನೇಟರ್‌ನಿಂದ, ಅದು ತಿರುಗುವುದು ಅದೇ ಪೆಟ್ರೋಲಿನಿಂದ. ಕೊಟ್ಟಷ್ಟೂ ವಾಪಸ್ ಬರುವುದಿಲ್ಲ. ಇನ್ನೊಂದು, ಎಂಜಿನ್ ಹೊರಗೆ ಬಿಡುವ ಬಿಸಿಯಿಂದಲೇ ಹೈಡ್ರೋಜನ್ ಮಾಡುವುದು. ಇದು ಸುಮ್ನೆ ಮಾತಲ್ಲ. ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಸೈಲೆನ್ಸರ್ ದಾರಿಯಲ್ಲೇ ಹೋಗುತ್ತದೆ.

ಗಾಡಿಯಲ್ಲೇ ಗ್ಯಾಸ್ ಮಾಡುವುದೂ ಹೊಸದಲ್ಲ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದಾಗ ನಮ್ಮ ಕಡೆಯೂ ಇದ್ದಿಲು ಬಸ್‌ಗಳು ಓಡಿದವು. ಆ ಗ್ಯಾಸಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆ ಒಂದಷ್ಟು ಹೈಡ್ರೋಜನ್ನೂ ಇತ್ತು. ಪೆಟ್ರೋಲ್ ಬಂತು, ಇದ್ದಿಲು ಒಲೆ ಹೋಯಿತು. 1970ರ ದಶಕದ ತೈಲ ಬಿಕ್ಕಟ್ಟಿನಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಗಾಡಿಯಲ್ಲೇ ಹೈಡ್ರೋಜನ್ ಮಾಡುವುದನ್ನು ಮತ್ತೆ ಕೈಗೆತ್ತಿಕೊಂಡಿತು.

ಕತೆಯ ಜೀವ ಇರುವುದು ಉರಿಯುವ ಒಂದು ಬಗೆಯ ಆಲ್ಕೋಹಾಲ್ ಆದ ಮೆಥನಾಲ್‌ನಲ್ಲಿ. ಅದರ ಆವಿಯನ್ನು 250-300 ಡಿಗ್ರಿಯಲ್ಲಿ ಸರಿಯಾದ ಕ್ಯಾಟಲಿಸ್ಟ್ (ಕ್ರಿಯೆಗೆ ವೇಗ ಕೊಡುವ ವಸ್ತು) ಮೇಲೆ ಹಾಯಿಸಿದರೆ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್ ಆಗಿ ಒಡೆಯುತ್ತದೆ. ಒಡೆಯುವಾಗ ಬಿಸಿಯನ್ನು ನುಂಗುತ್ತದೆ. ನುಂಗಿದ್ದು ಗ್ಯಾಸಿನಲ್ಲೇ ಉಳಿಯುತ್ತದೆ. ಹಾಗಾಗಿ ಮೆಥನಾಲನ್ನು ನೇರವಾಗಿ ಉರಿಸುವುದಕ್ಕಿಂತ ಈ ಗ್ಯಾಸಿನಲ್ಲಿ, ಲೆಕ್ಕದ ಪ್ರಕಾರ, ಸುಮಾರು ಶೇ 20ರಷ್ಟು ಜಾಸ್ತಿ ಶಕ್ತಿ. ಬಿಟ್ಟಿ ಬಿಸಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇದೆಯಾ? ಡೀಸೆಲ್ಲಿಗಾದರೆ 700 ಡಿಗ್ರಿಗೂ ಮೇಲೆ ಬೇಕು. ನೀರನ್ನು ಬರೀ ಬಿಸಿಯಿಂದ ಒಡೆಯಲು 2,000 ಡಿಗ್ರಿ ದಾಟಬೇಕು, ಆ ಮಾತು ಬಿಡಿ.

ಅಷ್ಟರಲ್ಲಿ ಹೈಡ್ರೋಜನ್ನಿನಿಂದ ನೇರವಾಗಿ ಕರೆಂಟ್ ಮಾಡುವ ಫ್ಯುಯಲ್ ಸೆಲ್ ಬಂತು. 1997ರಲ್ಲಿ ಡೈಮ್ಲರ್-ಬೆಂಝ್‌ನ ನೆಕಾರ್ 3 ಕಾರು ಮೆಥನಾಲ್‌ನಿಂದ ಒಳಗೇ ಹೈಡ್ರೋಜನ್ ಮಾಡಿಕೊಂಡು ಓಡಿತು. ಆದರೆ ಹಿಂದಿನ ಸೀಟಿನ ಜಾಗವೆಲ್ಲ ಯಂತ್ರಕ್ಕೇ ಹೋಯಿತು. ಮೇಲಾಗಿ ಆ ಫ್ಯುಯಲ್ ಸೆಲ್‌ನ ಬಿಸಿ 80 ಡಿಗ್ರಿ ಆಸುಪಾಸು, ಮೆಥನಾಲ್ ಒಡೆಯಲು ಸಾಲದು. 2004ರಲ್ಲಿ ಅಮೆರಿಕದ ಇಂಧನ ಇಲಾಖೆ ಫ್ಯುಯಲ್ ಸೆಲ್ ಕಾರುಗಳೊಳಗೆ ಹೈಡ್ರೋಜನ್ ಮಾಡುವ ಸಂಶೋಧನೆ ನಿಲ್ಲಿಸಿತು. ಎಂಜಿನ್ ಬಿಸಿಯ ವಿಚಾರ ಬೇರೆಯೇ ಇತ್ತು, ಅಲ್ವಾ? ಅದೂ ಜೊತೆಗೇ ಮೂಲೆಗೆ ಸರಿಯಿತು.

ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ ಕಟ್ಟಿಗೆಯಂಥ ಜೀವರಾಶಿಯಿಂದ ಹೈಡ್ರೋಜನ್ ತೆಗೆದು ತೋರಿಸಿದೆ, ಕಿಲೋಗೆ ಸುಮಾರು 100 ಗ್ರಾಂ. ಅದು ನಿಂತಲ್ಲೇ ನಡೆಯುವ ಘಟಕ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವ ಕಾರಿನ ಸೈಲೆನ್ಸರ್‌ಗೆ ಒಂದೇ ಮಟ್ಟದ ಬಿಸಿ ಸಿಗುವುದಿಲ್ಲ. ತುಮಕೂರು ರಸ್ತೆ ಹಿಡಿದು ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುವ ಲಾರಿಗೆ ಸಿಗುತ್ತದೆ. ಲೋಡ್ ಮೇಲಿರುವ ಅಪಾರ್ಟ್‌ಮೆಂಟ್ ಜನರೇಟರ್‌ಗೂ ಸಿಗುತ್ತದೆ. ಪ್ರಯೋಗ ಮತ್ತೆ ಶುರುವಾಗುವುದಾದರೆ ಅಲ್ಲಿಂದಲೇ ಆಗಲಿ.