ಲೂಕಾ ಕಾರ್ತೋನ್: ಗೋಡೆ ಹಳೆಯದು, ಊಟ ಹೊಸದು

ಹಳೇ ರೆಸ್ಟೋರೆಂಟಿನ ಒಳಾಂಗಣ ಬದಲಿಸುವ ಪಾಠ ಬಂದಾಗ ನಾವೆಲ್ಲ ಮೊದಲು ಬಣ್ಣ, ಕುರ್ಚಿ, ದೀಪ ಅಂತ ಶುರು ಮಾಡುತ್ತೇವೆ. ನಾನೂ ಹಾಗೇ ಮಾಡುತ್ತಿದ್ದೆ. ಪ್ಯಾರಿಸ್‌ನ ಲೂಕಾ ಕಾರ್ತೋನ್ ಬಗ್ಗೆ ಓದಿದ ಮೇಲೆ ಕೇಳುವ ಪ್ರಶ್ನೆಯೇ ಬದಲಾಯಿತು. ಇಲ್ಲಿ ಜನ ಹೇಗೆ ಕೂತು ಉಣ್ಣಬೇಕು? ಅದು ಗೊತ್ತಾದ ಮೇಲೇ ಕುರ್ಚಿಯ ಮಾತು.

ಈ ರೆಸ್ಟೋರೆಂಟ್ ಇರುವುದು ಮ್ಯಾಡ್ಲೆನ್ ಚೌಕದಲ್ಲಿ. ಒಳಗೆ 1900ರ ಆಸುಪಾಸಿನ ಆರ್ಟ್ ನೂವೋ, ಅಂದರೆ ಗಿಡಬಳ್ಳಿಗಳಂಥ ಬಾಗುಗೆರೆಗಳ ಶೈಲಿಯ, ಮರಗೆಲಸವಿದೆ. ಬಳ್ಳಿಯಂತೆ ಬಳುಕುವ ತಿಳಿಬಣ್ಣದ ಮರ, ನಡುವೆ ದೊಡ್ಡ ಕನ್ನಡಿಗಳು, ಕಂಚಿನ ದೀಪಗಳು. ಫ್ರಾನ್ಸ್‌ನ ನ್ಯಾನ್ಸಿ ಊರಿನ ಪೀಠೋಪಕರಣ ಕುಶಲಿ ಲೂಯಿ ಮಜೋರೆಲ್ ಅವರ ಕೆಲಸ ಎಂದು ಹೇಳುತ್ತಾರೆ. ಸರ್ಕಾರ ಇದನ್ನು ಸ್ಮಾರಕಗಳ ಪಟ್ಟಿಗೆ ಸೇರಿಸಿದೆ. ಹಾಗಾಗಿ ಮಾಲೀಕರಾದರೂ ಸುಮ್ನೆ ಒಂದು ಹಲಗೆ ಕಿತ್ತು ಬೇರೆ ಹಾಕುವಂತಿಲ್ಲ.

2005ರಲ್ಲಿ ಇಲ್ಲಿನ ಬಾಣಸಿಗ ಅಲೆನ್ ಸೆಂಡರೆನ್ಸ್, ರೆಸ್ಟೋರೆಂಟುಗಳಿಗೆ ದರ್ಜೆ ಕೊಡುವ ಮಿಶೆಲಿನ್ ಕೈಪಿಡಿಯ ಮೂರು ನಕ್ಷತ್ರಗಳನ್ನು ತಾವಾಗಿಯೇ ಬಿಟ್ಟುಕೊಟ್ಟರು. ನಕ್ಷತ್ರದ ಊಟವೆಂದರೆ ದುಬಾರಿ ಸಾಮಾನು, ಹೆಚ್ಚು ಆಳುಗಳು, ಬಿಗಿಯಾದ ಶಿಸ್ತು. ಅವರಿಗೆ ಬೇಕಾಗಿದ್ದು ಸುಮಾರು 100 ಯೂರೊಗೆ ಸಿಗುವ, ಹಗುರ ಮನಸ್ಸಿನ ಊಟ. ಹೆಸರನ್ನೂ ‘ಸೆಂಡರೆನ್ಸ್’ ಎಂದು ಬದಲಿಸಿದರು. ಹೊಸ ಒಳಾಂಗಣದ ಹೊಣೆ ನೊಯೆ ದ್ಯುಷೊಫೂರ್-ಲಾರೆನ್ಸ್ ಎಂಬ ಯುವ ವಿನ್ಯಾಸಕನಿಗೆ ಬಂತು. ಮಜೋರೆಲ್ ಮರ ಅಲ್ಲೇ ಉಳಿಯಿತು. ಅದರ ನಡುವೆ ಈ ಕಾಲದ ಮೇಜು, ಕುರ್ಚಿ, ಬೆಳಕು ಬಂದವು. ಬಿಳಿ ಮೇಜುಬಟ್ಟೆ ಹೋಯಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಮೇಜುಬಟ್ಟೆ ತೆಗೆಯುವುದು ಚಿಕ್ಕ ವಿಷಯ ಅನ್ನಿಸುತ್ತದೆ, ಅಲ್ವಾ? ಆದರೆ ಬಟ್ಟೆ ಸದ್ದನ್ನು ಹೀರುತ್ತದೆ. ಅದು ಹೋದರೆ ತಟ್ಟೆ, ಚಮಚ, ಮಾತು ಎಲ್ಲ ಜಾಸ್ತಿ ಕೇಳುತ್ತವೆ. ಗೋಡೆ ತುಂಬ ಕನ್ನಡಿ ಮತ್ತು ಗಟ್ಟಿ ಮರ ಇರುವ ಕೋಣೆಯಲ್ಲಿ ಇನ್ನೂ ಜಾಸ್ತಿ. ಗೋಡೆಗೆ ಮೆತ್ತನೆ ಹೊದಿಕೆ ಹಾಕುವಂತಿಲ್ಲ. ಹಾಗಾದರೆ ಮೆತ್ತಗಿನದನ್ನು ಎಲ್ಲಿ ತರುವುದು? ನೆಲದ ಕಾರ್ಪೆಟ್, ಕುರ್ಚಿಯ ಗಾದಿ, ಪರದೆ ಇವುಗಳಲ್ಲಿ. ದೀಪಕ್ಕೂ ಇದೇ ತೊಂದರೆ. ಎಲ್ಲೋ ಇಟ್ಟ ಬಲ್ಬು ಎದುರಿನ ಕನ್ನಡಿಯಲ್ಲಿ ಬಿದ್ದು ಊಟಗಾರರ ಕಣ್ಣಿಗೆ ಹೊಡೆಯುತ್ತದೆ. ಅದಕ್ಕೇ ಪ್ಲಾನ್ ಬರೆಯುವಾಗ ಪ್ರತಿ ಕುರ್ಚಿಯಲ್ಲೂ ಕೂತವರ ಕಣ್ಣಿನ ಎತ್ತರದಿಂದ ಕೋಣೆಯನ್ನು ನೋಡಬೇಕು.

ಇನ್ನೊಂದು ಮಾತು. ಹಳೆಯದರ ಪಕ್ಕ ಹಳೆಯದರಂತೆ ಕಾಣುವ ಹೊಸದನ್ನು ಇಡಬಹುದಿತ್ತು. ಹಳೇ ಕಟ್ಟಡಗಳನ್ನು ಕಾಪಾಡುವ ಬಗ್ಗೆ ಬಂದ 1964ರ ಅಂತರರಾಷ್ಟ್ರೀಯ ಒಪ್ಪಂದವಾದ ವೆನಿಸ್ ಸನ್ನದು, ಹೊಸದಾಗಿ ಸೇರಿಸಿದ ಭಾಗ ಮೂಲದಿಂದ ಬೇರೆಯಾಗಿ ಗುರುತಾಗಬೇಕು ಎನ್ನುತ್ತದೆ. ನನಗೂ ಅದೇ ಸರಿ ಅನ್ನಿಸುತ್ತದೆ. ನಕಲು ಬಳ್ಳಿಯ ಪಕ್ಕ ನಿಜವಾದ ಮಜೋರೆಲ್ ಬಳ್ಳಿಯೂ ನಕಲಿನಂತೆ ಕಾಣತೊಡಗುತ್ತದೆ.

ಹೋಲಿಕೆಗೆ ಪ್ಯಾರಿಸ್‌ನಲ್ಲೇ ಇರುವ ‘ಗಾರ್ ದ ಲಿಯೋನ್’ ರೈಲು ನಿಲ್ದಾಣದ ‘ಲ ತ್ರೈನ್ ಬ್ಲೂ’ ನೋಡಿ. 1901ರಲ್ಲಿ ತೆರೆದ ಈ ರೆಸ್ಟೋರೆಂಟಿನ ಗೋಡೆ, ಚಾವಣಿಗಳಲ್ಲಿ 41 ಚಿತ್ರಗಳಿವೆ. ಅಂಥ ಕಡೆ ಮುಖ್ಯ ಕೆಲಸ ಇದ್ದದ್ದನ್ನು ಶುಚಿಗೊಳಿಸಿ ಉಳಿಸುವುದು. ಅದು ಬೇರೆಯೇ ಪಾಠ.

‘ಸೆಂಡರೆನ್ಸ್’ ರೆಸ್ಟೋರೆಂಟಿಗೆ 2006ರ ಮಿಶೆಲಿನ್ ಎರಡು ನಕ್ಷತ್ರ ಕೊಟ್ಟಿತು. 2013ರಲ್ಲಿ ಬಾಣಸಿಗ ಸೆಂಡರೆನ್ಸ್ ಹೊರಟ ಮೇಲೆ ಲೂಕಾ ಕಾರ್ತೋನ್ ಎಂಬ ಹಳೇ ಹೆಸರೇ ಬಾಗಿಲಿಗೆ ಮರಳಿತು. ಮರದ ಬಳ್ಳಿಗಳು ಮಾತ್ರ ಅಷ್ಟೂ ಕಾಲ ಇದ್ದಲ್ಲೇ ಇದ್ದವು.